ಕತ್ತರಿ ಹಾಕದ ಕೆರೆ

“ಕತ್ತರಿ ಯಾವತ್ತು ಹಾಕ್ತೀರಿ?”

ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತ ಹೆಂಗಸು ಕೇಳಿದ ಮೊದಲ ಪ್ರಶ್ನೆ ಅದು. ಎಷ್ಟಾಗುತ್ತದೆ ಎಂದು ಕೇಳಲಿಲ್ಲ, ಯಾವಾಗ ಸಿಗುತ್ತದೆ ಎಂದೂ ಕೇಳಲಿಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬ್ಲೌಸು, ಆರಿ ವರ್ಕು ಎಂದುಕೊಂಡು ಬದುಕುತ್ತಿರುವವಳು ನಾನು. ಗಿರಾಕಿ ಬಾಯಿ ತೆರೆಯುವ ಮೊದಲೇ ಏನು ಕೇಳುತ್ತಾಳೆಂದು ಹೇಳಬಲ್ಲೆ. ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ನನ್ನ ಕಿವಿ ನೆಟ್ಟಗಾಯಿತು.

ಆಕೆ ಅಜ್ಜಂಪುರದವರು, ಐವತ್ತರ ಆಸುಪಾಸು. ಎರಡು ದೊಡ್ಡ ಚೀಲಗಳ ತುಂಬ ಸೀರೆ ತಂದಿದ್ದರು. ತೀರಿಕೊಂಡ ತಾಯಿಯ ಸೀರೆಗಳಂತೆ. ಅವನ್ನೆಲ್ಲ ಕತ್ತರಿಸಿ ಬುಕ್ಕಾಂಬುಧಿ ಕೆರೆಯ ಚಿತ್ರ ಮಾಡಿಕೊಡಬೇಕಂತೆ. ತಾಯಿ ಮದುವೆಯಾಗಿ ಬಂದ ಮೇಲೆ ಇದೇ ಸೀರೆಗಳನ್ನು ಆ ಕೆರೆಯಲ್ಲೇ ಒಗೆದವರು ಎಂದರು.

ಬ್ಲೌಸಿನ ಜೊತೆಗೆ ನಾನು ಗೋಡೆಗೆ ಹಾಕುವ ಬಟ್ಟೆಯ ಚಿತ್ರಗಳನ್ನೂ ಮಾಡುತ್ತೇನೆ. ಬಣ್ಣ ಬಳಿಯುವುದಿಲ್ಲ. ಬಟ್ಟೆಯನ್ನು ಮಡಚಿ, ನೆರಿಗೆ ಹಿಡಿದು, ಒಳಗೆ ಚಿಂದಿ ತುಂಬಿ, ಮೇಲೆ ಕಸೂತಿ ಹಾಕಿ ಎಬ್ಬಿಸುತ್ತೇನೆ. ಕಣ್ಣು ಮುಚ್ಚಿ ಕೈಯಾಡಿಸಿದರೂ ಗುಡ್ಡ ಯಾವುದು ಗದ್ದೆ ಯಾವುದು ಎಂದು ತಿಳಿಯಬೇಕು. ಊರಿನವರು ಇದಕ್ಕೆ ತ್ರೀಡಿ ಅನ್ನುತ್ತಾರೆ, ನಾನೂ ಬೋರ್ಡಿನ ಮೇಲೆ ಹಾಗೇ ಬರೆಸಿದ್ದೇನೆ.

ಹಳೆಯ ಸೀರೆ ಬಂದರೆ ಮಾತ್ರ ನನಗೆ ಮೊದಲು ಬರುವುದು ಅನುಮಾನ. ಅದಕ್ಕೆ ಕಾರಣವಿದೆ. ಹಿಂದೊಮ್ಮೆ ಒಂದು ಮನೆಯ ಸೊಸೆ ರೇಷ್ಮೆ ಸೀರೆ ತಂದು ಮಗಳಿಗೆ ಲೆಹಂಗಾ ಹೊಲಿಸಿಕೊಂಡು ಹೋದಳು. ಮರುದಿನ ಅವಳ ಅತ್ತೆ ಬಂದು ಅಂಗಡಿ ಮುಂದೆ ನಿಂತು ಎದೆ ಬಡಿದುಕೊಂಡರು, “ನನ್ ಮದ್ವೆ ಸೀರೆ ಕಣೇ ಅದು, ಯಾರನ್ ಕೇಳಿ ಕತ್ತರ್ಸಿದೆ?” ಎಂದು. ಬೀದಿಯೆಲ್ಲ ಸೇರಿತ್ತು. ಬೇರೆ ಏನನ್ನಾದರೂ ಬಿಚ್ಚಿ ಸರಿ ಮಾಡಬಹುದು, ಕತ್ತರಿಸಿದ್ದನ್ನು ಮಾತ್ರ ಮೊದಲಿನ ಹಾಗೆ ಕೊಡಲು ಬರುವುದಿಲ್ಲ.

ಹಾಗಾಗಿ ಅಜ್ಜಂಪುರದವರ ಎದುರಿಗೇ ಪ್ರತಿ ಸೀರೆಯನ್ನೂ ಬಿಡಿಸಿ ನೋಡಿದೆ. ಹಸಿರು ನೈಲಾನು, ಕಾಫಿಪುಡಿ ಬಣ್ಣದ ಕಾಟನ್ನು, ತೊಳೆದು ತೊಳೆದು ತೆಳುವಾದ ಬಿಳಿಯವು. ಕೊನೆಗೆ ತಳದಲ್ಲಿ ಪಂಚೆಯಲ್ಲಿ ಸುತ್ತಿಟ್ಟ ಒಂದು ನವಿಲು ಬಣ್ಣದ ರೇಷ್ಮೆ, ಮರೂನ್ ಬಾರ್ಡರಿನದು. ಹೀಗೆ ಹಿಡಿದರೆ ನೀಲಿ, ಹಾಗೆ ಹಿಡಿದರೆ ಹಸಿರು. ನೀರಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಸಿಗುವುದಿಲ್ಲ ಎಂದು ಕೈಗೆ ಆಗಲೇ ಗೊತ್ತಾಯಿತು. ಹೆಗಲ ಮೇಲೆ ಬರುವ ಜಾಗದಲ್ಲಿ ಪಿನ್ನು ಚುಚ್ಚಿದ ಹಳೆಯ ತೂತುಗಳು ಗುಂಪಾಗಿ ಇದ್ದವು, ಅಂಚು ಕಪ್ಪಾಗಿತ್ತು. ಅದನ್ನು ಆಕೆಗೆ ತೋರಿಸಿದೆ, ನಾಳೆ ನಾನು ಮಾಡಿದ್ದು ಅನ್ನಬಾರದಲ್ಲ.

“ಇದನ್ನೂ ಕತ್ತರಿಸ್ಬೇಕಾ?”

“ಮೊದ್ಲು ಅದನ್ನೇ ಕತ್ತರ್ಸಿ. ಕತ್ತರ್ಸಿ ಒಂದ್ ಫೋಟೋ ಕಳ್ಸಿ,” ಎಂದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಫೋನು ಶುರುವಾಯಿತು. ಹೇಗೆ ಬರುತ್ತಿದೆ ಎಂದು ಒಮ್ಮೆಯೂ ಕೇಳಲಿಲ್ಲ. “ಕತ್ತರಿ ಹಾಕಿದ್ರಾ?” ಎನ್ನುವುದೊಂದೇ ಮಾತು. ತಾಯಿಯ ಸೀರೆ ಹಾಳಾಗಲಿ ಎಂದು ಇಷ್ಟು ಅವಸರ ಪಡುವ ಮಗಳನ್ನು ನಾನು ನೋಡಿರಲಿಲ್ಲ. ನನಗಂತೂ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಕೆರೆಯನ್ನು ಸರಿಯಾಗಿ ನೋಡಿಕೊಂಡು ಬರುವ ನೆಪ ಹೇಳಿಕೊಂಡು ಬಸ್ಸು ಹತ್ತಿದೆ. ನೆಪ ಪೂರ್ತಿ ಸುಳ್ಳಲ್ಲ. ಏರಿಯ ಮೇಲೆ ನಡೆದು ನೋಡಿದಾಗ ಫೋಟೋದಲ್ಲಿ ಕಾಣದ ಸಂಗತಿ ಕಂಡಿತು. ಏರಿಯ ಹತ್ತಿರ ಅಲೆ ಸಣ್ಣ, ಒತ್ತೊತ್ತಾಗಿ ಬಂದು ಕಲ್ಲಿಗೆ ಬಡಿಯುತ್ತದೆ. ದೂರ ಹೋದಂತೆ ಅಲೆ ಅಗಲವಾಗಿ, ಆಚೆ ದಡದಲ್ಲಿ ನೀರು ಇಸ್ತ್ರಿ ಮಾಡಿದ ಹಾಗೆ ನಯವಾಗಿ ಮಲಗಿತ್ತು. ನೆರಿಗೆಯ ಅಳತೆ ಅಲ್ಲೇ ಮನಸ್ಸಿನಲ್ಲಿ ಕುಳಿತಿತು.

ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಮಾತಿಗೆ ಮಾತು ಬೆಳೆಸಿ, ತೀರಿಹೋದ ಆ ಅಜ್ಜಿಯ ವಿಷಯ ಎತ್ತಿದೆ.

“ಓ, ಅವ್ರಾ? ದೇವ್ರಂಥೋರು. ಹೆಣ್ಮಕ್ಳು ಮೂರ್ ಜನ. ದೊಡ್ಡೋಳು ಕಡೂರಲ್ಲಿ, ನಡುವ್ನೋಳು ಅಜ್ಜಂಪುರ, ಕಿರೇಳು ಅದೆಲ್ಲೋ ತರೀಕೆರೇಲಿ. ಅವ್ವನ್ ಸೀರೆಗೋಸ್ಕರ ಮಾತೇ ಬಿಟ್ಬಿಟ್ಟವ್ರೆ ಕಣಕ್ಕ. ಅದೇ ಒಂದು ನವಿಲ್ ಬಣ್ಣದ್ದು. ಮೂರೂ ಮಕ್ಳ ಮದ್ವೇಲೂ ಅವ್ವ ಅದನ್ನೇ ಉಟ್ಟಿದ್ದು. ನಂಗ್ ಬೇಕು ನಂಗ್ ಬೇಕು ಅಂತ ತಿಥಿ ಮನೇಲೇ ಕಿತ್ತಾಡಿದ್ರು.”

ಬರುವಾಗ ಬಸ್ಸಿನಲ್ಲಿ ನನಗೆ ಎಲ್ಲ ಸ್ಪಷ್ಟವಾಗಿತ್ತು, ಅಥವಾ ಹಾಗೆಂದುಕೊಂಡೆ. ನಡುವಿನವಳು ಅಕ್ಕತಂಗಿಗೆ ತಿಳಿಯದ ಹಾಗೆ ಚೀಲ ಎತ್ತಿಕೊಂಡು ಬಂದಿದ್ದಾಳೆ. ಕತ್ತರಿ ಬಿದ್ದುಬಿಟ್ಟರೆ ಆಮೇಲೆ ಯಾರೂ ನನಗೂ ಪಾಲು ಕೊಡು ಅನ್ನುವ ಹಾಗಿಲ್ಲ. ಚಿತ್ರ ಅವಳ ಗೋಡೆ ಮೇಲೆ, ಶಾಪ ನನ್ನ ತಲೆ ಮೇಲೆ. ನಾಳೆ ಇನ್ನಿಬ್ಬರು ಬಂದು ನನ್ನ ಅಂಗಡಿ ಮುಂದೆ ಎದೆ ಬಡಿದುಕೊಳ್ಳುತ್ತಾರೆ.

ಆಗಲೇ ತೀರ್ಮಾನ ಮಾಡಿದೆ. ಕೆರೆ ಮಾಡುತ್ತೇನೆ, ಕತ್ತರಿ ಹಾಕುವುದಿಲ್ಲ. ಒಂದೊಂದು ಸೀರೆಯೂ ಇಡಿಯಾಗಿಯೇ ಒಳಗೆ ಹೋಗಬೇಕು. ಯಾರಾದರೂ ನ್ಯಾಯ ಕೇಳಿಕೊಂಡು ಬಂದರೆ ನೂಲು ಎಳೆದು ಸೀರೆಯನ್ನು ಸೀರೆಯಾಗಿಯೇ ವಾಪಸು ಕೊಡುವ ಹಾಗಿರಬೇಕು.

ಫೋಟೋ ಒಂದು ಬಾಕಿ ಇತ್ತಲ್ಲ. ರೇಷ್ಮೆ ಸೀರೆಯ ಕೆಳಗಿನ ಅಂಚಿಗೆ ಅದೇ ಬಣ್ಣದ ಫಾಲ್ ಹಾಕಿದ್ದರು. ನೆರಿಗೆಗೆ ಅಡ್ಡ ಬರುತ್ತದೆಂದು ಹೇಗೂ ಅದನ್ನು ಬಿಚ್ಚಬೇಕಿತ್ತು. ಬಿಚ್ಚಿದ ಫಾಲನ್ನು ಸೀರೆಯ ಮೇಲೆ ಹರಡಿ, ಕತ್ತರಿ ಇಟ್ಟು, ಅರ್ಧಕ್ಕೆ ಕತ್ತರಿಸಿ ಫೋಟೋ ತೆಗೆದು ಕಳಿಸಿದೆ. ನೋಡಿದವರಿಗೆ ಸೀರೆಯನ್ನೇ ಸೀಳಿದ ಹಾಗಿತ್ತು. “ಥ್ಯಾಂಕ್ಸ್ ಮೇಡಂ” ಎಂದು ತಕ್ಷಣ ಉತ್ತರ ಬಂತು, ಫೋನು ನಿಂತಿತು. ನೋಡು, ನನ್ನ ಅನುಮಾನ ಸರಿಯಾಗಿಯೇ ಇತ್ತು ಎಂದು ನನಗೆ ನಾನೇ ಭೇಷ್ ಅಂದುಕೊಂಡೆ.

ಕತ್ತರಿಸದೆ ಮಾಡುತ್ತೇನೆ ಎಂದುಕೊಳ್ಳುವುದು ಸುಲಭ. ಒಂದು ಸೀರೆಯಲ್ಲಿ ಎಷ್ಟು ಬಟ್ಟೆ ಇರುತ್ತದೆ ಎನ್ನುವುದು ಅದನ್ನು ಬಾಗಿಲಿಗಿಂತ ಸ್ವಲ್ಪ ಅಗಲವಾದ ಚೌಕಟ್ಟಿನಲ್ಲಿ ಅಡಗಿಸಹೊರಟಾಗ ಗೊತ್ತಾಗುತ್ತದೆ. ಮೊದಲು ಓಟು ಹೊಲಿಗೆ ಹಾಕಿ ನೂಲೆಳೆದು ಸುಕ್ಕು ತಂದೆ. ಕೆರೆ ಬರಲಿಲ್ಲ, ಮಕ್ಕಳ ಲಂಗದ ಫ್ರಿಲ್ ಬಂತು. ಬಿಚ್ಚಿದೆ. ಆಮೇಲೆ ಅಡ್ಡಡ್ಡ ಸಣ್ಣ ಮಡಿಕೆಗಳನ್ನು ಹಿಡಿದು ಒಂದೊಂದನ್ನೂ ತಳಕ್ಕೆ ಹಾಸಿದ ಕೋರಾ ಬಟ್ಟೆಗೆ ಕೈಯಲ್ಲೇ ಹೊಲಿದೆ. ಏರಿಯ ಹತ್ತಿರ ಕಡ್ಡಿಯಷ್ಟು ತೆಳು, ಮೇಲೆ ಹೋದಂತೆ ಬೆರಳಷ್ಟು ದಪ್ಪ. ಒಂದು ಸಾಲು ಮೇಲಕ್ಕೆ ಮಲಗಿಸಿದರೆ ಮುಂದಿನ ಸಾಲು ಕೆಳಕ್ಕೆ. ಎರಡೂ ಕಡೆ ತಿರುಗಿದ ಮಡಿಕೆಗೆ ಬೆಳಕು ಬಿದ್ದರೆ ಅದೇ ಸೀರೆ ಇಲ್ಲಿ ನೀಲಿ, ಅಲ್ಲಿ ಹಸಿರು. ಮರೂನ್ ಬಾರ್ಡರು ಎರಡೂ ಬದಿಗೆ ಕೆಮ್ಮಣ್ಣಿನ ದಡವಾಗಿ ತಾನೇ ಕುಳಿತಿತು. ರೇಷ್ಮೆಯಲ್ಲಿ ಸೂಜಿಯ ತೂತು ಉಳಿದುಬಿಡುತ್ತದೆಂದು ತೀರಾ ಸಣ್ಣ ಸೂಜಿ ಹಿಡಿದು, ಹೊಲಿಗೆಯೆಲ್ಲ ಮಡಿಕೆಯ ಹೊಟ್ಟೆಯೊಳಗೇ ಹಾಕಿದೆ.

ಏರಿಗೆ ಕಾಫಿಪುಡಿ ಬಣ್ಣದ ಕಾಟನ್ನು. ಚಿಂದಿಯ ಉಂಡೆಗಳನ್ನು ಸೀರೆಯ ಒಳಗಿಟ್ಟು ಸುತ್ತ ನೂಲು ಬಿಗಿದರೆ ಕಲ್ಲು. ಕೆಳಗೆ ಹಸಿರು ನೈಲಾನನ್ನು ಚೌಕ ಚೌಕವಾಗಿ ಚಿವುಟಿ ಹೊಲಿದರೆ ಗದ್ದೆ. ಅಂಚಿನ ಜೊಂಡಿಗೆ ತಂತಿಗೆ ನೂಲು ಸುತ್ತಿ ನಿಲ್ಲಿಸಿದೆ. ಮೆಟ್ಟಿಲ ಮೇಲೆ ಬೆಳ್ಳಕ್ಕಿ ಬೇಕೆನ್ನಿಸಿತು, ಬಿಳಿ ಸೀರೆಯ ಮೂಲೆಯನ್ನೇ ಗಂಟು ಕಟ್ಟಿ ಕತ್ತು ಎಳೆದೆ. ನೀರಿನ ಸೀರೆಯ ಸೆರಗು ಉಳಿದಿತ್ತು. ಅದನ್ನು ಚೌಕಟ್ಟಿನ ಮೇಲಿಂದ ಹಿಂದಕ್ಕೆ ಇಳಿಬಿಟ್ಟು, ಮಡಚಿ, ಕಚ್ಚಾ ಹೊಲಿಗೆ ಹಾಕಿದೆ.

ಎಲ್ಲ ಆಯಿತೆಂದು ಎತ್ತಿ ನಿಲ್ಲಿಸಿದರೆ ಕೆರೆ ಜಾರಿತು. ಇಡೀ ಸೀರೆಯ ಭಾರಕ್ಕೆ ನೀರೆಲ್ಲ ಕೆಳಗಿಳಿದು ಏರಿಯ ಮೇಲೆ ಬೊಜ್ಜಿನ ಹಾಗೆ ಜೋತುಬಿತ್ತು. ಕತ್ತರಿಸಿದ್ದರೆ ಈ ಪಾಡಿಲ್ಲ, ಅರ್ಧ ಭಾರವೂ ಇರುತ್ತಿರಲಿಲ್ಲ. ಅಳು ಬಂತು, ಆ ಹೆಂಗಸಿನ ಮೇಲೆ ಸಿಟ್ಟೂ ಬಂತು. ಎಲ್ಲ ಹೊಲಿಗೆ ಬಿಡಿಸಿ, ಹಿಂದೆ ಮರದ ಅಡ್ಡಪಟ್ಟಿಗಳನ್ನು ಹೊಡೆಸಿ, ಪ್ರತಿ ಅಲೆಯನ್ನೂ ಹಿಂದಿನಿಂದ ಕಾಟನ್ ಪಟ್ಟಿಯಲ್ಲಿ ಎಳೆದು ಮರಕ್ಕೆ ಕಟ್ಟಿದೆ. ಈ ಸಲ ನಿಂತಿತು.

ಈ ನಡುವೆ ಇನ್ನೊಂದು ಕಾಟ. ಮೂವತ್ತೈದು ನಲವತ್ತರ ಒಬ್ಬ ಹೆಂಗಸು ಮತ್ತೆ ಮತ್ತೆ ಅಂಗಡಿಗೆ ಬರತೊಡಗಿದಳು. ಒಂದು ಸಲ ಬ್ಲೌಸಿನ ಹುಕ್ಕು, ಇನ್ನೊಂದು ಸಲ ಅದೇ ಬ್ಲೌಸಿನ ತೋಳು. ಕೈ ಬ್ಲೌಸಿನ ಮೇಲಿದ್ದರೆ ಕಣ್ಣು ಒಳಗಿನ ಚೌಕಟ್ಟಿನ ಮೇಲೆ. “ಒಳಗೇನ್ ಮಾಡ್ತಿದೀರಕ್ಕ, ಬಂದ್ ನೋಡ್ಲಾ?” ಎಂದಳು. ಆರಿ ವರ್ಕಿನವರು ಡಿಸೈನು ಕದಿಯಲು ಹೀಗೆಯೇ ಆಳು ಕಳಿಸುತ್ತಾರೆ. ನಾನು ಪರದೆ ಎಳೆದು, “ನೋಡೋಕೇನಿಲ್ಲಮ್ಮ, ಚಿಂದಿ ರಾಶಿ,” ಎಂದು ಕಳಿಸಿದೆ.

ಕೊಡುವ ದಿನ ಬಾಡಿಗೆ ಓಮ್ನಿಯಲ್ಲಿ ಕೆರೆಯನ್ನು ಮಲಗಿಸಿಕೊಂಡು ಅಜ್ಜಂಪುರಕ್ಕೆ ಹೋದೆ. ಬಾಗಿಲು ತೆರೆದ ಆಕೆಯ ಹಿಂದೆ ಇನ್ನಿಬ್ಬರು ನಿಂತಿದ್ದರು. ಒಬ್ಬರು ಹಿರಿಯರು, ನೆಟ್ಟಗೆ ನಿಲ್ಲುವ ರೀತಿಯಲ್ಲೇ ಮೇಷ್ಟ್ರ ಕೆಲಸದಿಂದ ನಿವೃತ್ತರಾದವರೆಂದು ಹೇಳಬಹುದಿತ್ತು. ಇನ್ನೊಬ್ಬಳನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಅವಳು ನನ್ನ ಹುಕ್ಕಿನ ಹೆಂಗಸು.

“ಇವ್ರು ನಮ್ಮ ದೊಡ್ಡಕ್ಕ, ಕಡೂರಿಂದ ಬಂದವ್ರೆ. ಇವಳು ತಂಗಿ, ನಿಮ್ಮೂರಲ್ಲೇ ಇರೋದು,” ಎಂದರು ಆಕೆ. ಮುಖದಲ್ಲಿ ಹಬ್ಬದ ಕಳೆ ಇತ್ತು.

ಗೋಡೆಗೆ ಒರಗಿಸಿದೆ. ದೊಡ್ಡಕ್ಕ ಹತ್ತಿರ ಬಂದು ಏರಿಯ ಕಲ್ಲುಗಳ ಮೇಲೆ ಕೈಯಾಡಿಸಿದರು. ನಡುವಿನವರು ಬೆಳ್ಳಕ್ಕಿಯನ್ನು ನೋಡಿ ಕಣ್ಣೊರೆಸಿಕೊಂಡರು. ತಂಗಿ ಮಾತ್ರ ನೀರನ್ನು ದಿಟ್ಟಿಸಿದಳು, ಚೌಕಟ್ಟಿನ ಮೇಲಂಚು ನೋಡಿದಳು, ಆಮೇಲೆ ಒಂದೇ ಏಟಿಗೆ ಅದನ್ನು ತಿರುಗಿಸಿಬಿಟ್ಟಳು. ಹಿಂದೆ ನವಿಲು ಬಣ್ಣದ ಸೆರಗು ಇಡಿಯಾಗಿ ಮಡಚಿ ಕುಳಿತಿತ್ತು.

“ನೋಡು ದೊಡ್ಡಕ್ಕ! ನಾನ್ ಹೇಳ್ಲಿಲ್ವಾ? ಸೀರೆ ಸೀರೆ ಥರಾನೇ ಐತೆ. ನಾಳೆ ನಾವ್ ಹೋದ್ಮೇಲೆ ಬಿಚ್ಕೊಂಡು ಉಟ್ಕೊಳೋಕೆ!” ನಡುವಿನವರ ಕಡೆ ತಿರುಗಿದಳು. “ಚಿಕ್ಕಕ್ಕ, ಕತ್ತರ್ಸಿದ್ ಫೋಟೋ ಕಳ್ಸಿದ್ಯಲ್ಲ, ಅದ್ಯಾವ್ದು ಹಂಗಾದ್ರೆ?”

ನಡುವಿನವರು ಬಿಳಿಚಿಕೊಂಡರು. “ಅವ್ವನಾಣೆ ನಂಗೊತ್ತಿಲ್ಲ ಕಣೇ…” ಎಂದು ನನ್ನ ಕಡೆ ನೋಡಿದರು.

ಆಮೇಲೆ ಅವರವರ ಜಗಳದಲ್ಲೇ ನನಗೆ ವಿಷಯ ತಿಳಿಯಿತು. ತಿಥಿ ಮನೆಯ ಕಿತ್ತಾಟದ ನಂತರ ಮೂವರನ್ನೂ ಮತ್ತೆ ಮಾತಾಡಿಸಿದ್ದೇ ಈ ನಡುವಿನವರು. ಒಬ್ಬರಿಗೂ ಬೇಡ, ಮೂವರ ಕಣ್ಣೆದುರಿಗೂ ಇರಲಿ, ಎಲ್ಲ ಕತ್ತರಿಸಿ ಒಂದು ಕೆರೆ ಮಾಡಿಸೋಣ ಎಂದು ಇಬ್ಬರನ್ನೂ ಒಪ್ಪಿಸಿದ್ದರು. ಆದರೂ ತಂಗಿಗೆ ನಂಬಿಕೆ ಇಲ್ಲ. ದಿನಾ ಫೋನು ಮಾಡಿ, “ಕತ್ತರಿ ಹಾಕಿದ್ರಾ?” ಎಂದು ಇವರ ತಲೆ ತಿನ್ನುತ್ತಿದ್ದಳು. ಇವರು ಅದೇ ಪ್ರಶ್ನೆಯನ್ನು ನನಗೆ ದಾಟಿಸುತ್ತಿದ್ದರು. ಕತ್ತರಿ ಬಿದ್ದರೆ ಜಗಳ ಮುಗಿಯುತ್ತಿತ್ತು. ಅದು ಬೀಳದ ಹಾಗೆ ಮಾಡಿದವಳು ನಾನು.

“ಸುಮ್ನಿರಮ್ಮ,” ಎಂದೆ ತಂಗಿಗೆ, ನನ್ನ ದನಿಯೂ ಏರಿತ್ತು. “ಅವ್ರಿಗೆ ಏನೂ ಗೊತ್ತಿಲ್ಲ. ಕತ್ತರಿಸಿದ್ದು ಫಾಲು. ಸುಳ್ಳು ಫೋಟೋ ಕಳ್ಸಿದ್ದು ನಾನು.”

“ಯಾಕೆ?” ದೊಡ್ಡಕ್ಕ ಕೇಳಿದರು. ಶಾಲೆಯಲ್ಲಿ ಎದ್ದು ನಿಲ್ಲಿಸಿ ಕೇಳಿದ ಹಾಗಿತ್ತು.

“ನಿಮಗೆ ಗೊತ್ತಿಲ್ದಂಗೆ ತಂದಿದ್ದಾರೆ ಅಂತ ಅನುಮಾನ ಬಂತು. ನಾಳೆ ನೀವೇ ಬಂದು ಕೇಳಿದ್ರೆ ವಾಪಸ್ ಕೊಡೋಣ ಅಂತ ಉಳಿಸ್ದೆ.”

ತಂಗಿ, “ಹಂಗಾದ್ರೆ ಈಗ್ ಕತ್ತರ್ಸಿ,” ಎಂದಳು. ನಾನು ಚೀಲದಿಂದ ಕತ್ತರಿ ತೆಗೆದು ಅವಳ ಕೈಗೇ ಕೊಟ್ಟೆ. ಅವಳು ಸೆರಗು ಬಿಡಿಸಿ ಕತ್ತರಿಯ ಬಾಯಿಗೆ ಇಟ್ಟಳು. ಬಾಯಿ ಮುಚ್ಚಲಿಲ್ಲ. “ನೀನ್ ಕತ್ತರ್ಸು ಚಿಕ್ಕಕ್ಕ,” ಎಂದಳು. ಅವರು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು. ಇಬ್ಬರೂ ದೊಡ್ಡಕ್ಕನನ್ನು ನೋಡಿದರು.

“ನಂಗ್ಯಾಕೆ ಕೊಡ್ತೀರ? ನಂಗೀ ಸೀರೆ ಯಾವತ್ತೂ ಬೇಕಿರ್ಲಿಲ್ಲ. ನನ್ ಬೀರು ತುಂಬ ಸೀರೆ ಇದಾವೆ. ನ್ಯಾಯವಾಗಿ ಆಗ್ಲಿ ಅಂದೆ ಅಷ್ಟೆ,” ಎಂದು ಅವರು ಕತ್ತರಿಯನ್ನು ಕಿಟಕಿಯ ಮೇಲಿಟ್ಟರು.

ಮತ್ತೆ ಮಾತು ಶುರುವಾಯಿತು. ಯಾರ ಮನೆಯಲ್ಲಿ ಇರಬೇಕು, ಯಾರು ಬಿಚ್ಚಿಕೊಳ್ಳುತ್ತಾರೆ, ಯಾರನ್ನು ನಂಬುವುದು. ಕೇಳಿ ಕೇಳಿ ನನಗೆ ರೇಗಿತು. “ಹಿಂದೆ ದಪ್ಪ ಬಟ್ಟೆ ಹಾಕಿ ಹೊಲಿದುಬಿಡ್ತೀನಿ. ಮೂರು ಬದಿಗೂ ಕೊನೇ ಗಂಟು ನಿಮ್ಮ ನಿಮ್ಮ ಕೈಲೇ ಹಾಕಿ, ಬಣ್ಣ ಬೇರೆ ಬೇರೆ. ಗೌರಿ ಹಬ್ಬದಿಂದ ಗೌರಿ ಹಬ್ಬಕ್ಕೆ ಒಬ್ಬೊಬ್ಬರ ಮನೆ. ಮನೆ ಬದಲಾಗುವಾಗ ನನ್ನ ಅಂಗಡೀಲಿ ಇಳಿಸಿ, ಯಾರಾದ್ರೂ ಬಿಚ್ಚಿದಾರಾ ಅಂತ ಗಂಟು ನೋಡಿ ಹೇಳ್ತೀನಿ. ನಾನು ಯಾರನ್ನೂ ನಂಬೋಳಲ್ಲ ಅಂತ ಈಗ ನಿಮಗೇ ಗೊತ್ತಲ್ಲ.”

ದೊಡ್ಡಕ್ಕ ನಕ್ಕರು. ಆ ದಿನ ಅವರು ನಕ್ಕಿದ್ದು ಅದೊಂದೇ ಸಲ. ನಾನು ನೆಲದ ಮೇಲೆ ಕೂತು ಹೊಲಿದೆ, ಮೂವರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ದೊಡ್ಡಕ್ಕ ಕೆಂಪು, ನಡುವಿನವರು ಹಳದಿ, ತಂಗಿ ಹಸಿರು ನೂಲಲ್ಲಿ ಗಂಟು ಹಾಕಿದರು. ಹಿರಿಯರೆಂದು ಕೆರೆ ಮೊದಲು ಕಡೂರಿಗೆ ಹೋಗುವುದೆಂದಾಯಿತು.

ಗೇಟಿನವರೆಗೆ ಬಂದ ನಡುವಿನವರು ಮೆಲ್ಲಗೆ, “ಒಂದ್ ಮಾತು ನನ್ನೇ ಕೇಳ್ಬಹುದಿತ್ತಲ್ರೀ. ಹೇಳ್ತಿದ್ದೆ,” ಎಂದರು.

ಕೇಳಿದ್ದರೂ ನಾನು ನಂಬುತ್ತಿರಲಿಲ್ಲ. ಅದನ್ನು ಅವರಿಗೆ ಹೇಳದೆ ಓಮ್ನಿ ಹತ್ತಿದೆ. ದಾರಿಯುದ್ದಕ್ಕೂ ನಾಚಿಕೆಯಾಯಿತು.

ಮುಂದಿನ ಗೌರಿ ಹಬ್ಬದ ಹೊತ್ತಿಗೆ ದೊಡ್ಡಕ್ಕ ತಾವೇ ಕಾರಿನಲ್ಲಿ ಕೆರೆಯನ್ನು ತಂದು ಇಳಿಸಿದರು. ಸ್ಟೂಲಿನ ಮೇಲೆ ಕುಳಿತು ಬೀದಿಯ ಕಡೆ ಮುಖ ಮಾಡಿದರು. ನಾನು ಹಿಂಬದಿ ತಿರುಗಿಸಿದೆ. ಹಳದಿ ಗಂಟು ಹಾಗೇ ಇತ್ತು, ಹಸಿರೂ ಹಾಗೇ. ಕೆಂಪೂ ಇತ್ತು. ಆದರೆ ಕೆಂಪು ಗಂಟಿನ ಪಕ್ಕದ ಒಂದು ಗೇಣು ಹೊಲಿಗೆ ನನ್ನದಾಗಿರಲಿಲ್ಲ. ನನ್ನ ಹೊಲಿಗೆ ಎಡಕ್ಕೆ ವಾಲುತ್ತದೆ, ಇದು ಬಲಕ್ಕೆ ವಾಲಿತ್ತು. ಹುಟ್ಟು ಬುದ್ಧಿ ಎಲ್ಲಿಗೆ ಹೋಗುತ್ತದೆ, ಆ ಗೇಣನ್ನು ಬಿಚ್ಚಿ ಒಳಗೆ ಕೈಹಾಕಿದೆ.

ಸೆರಗು ಅಲ್ಲೇ ಇತ್ತು. ಎಳೆಯೊಂದೂ ಕಡಿಮೆಯಾಗಿರಲಿಲ್ಲ. ಆದರೆ ನಾನು ಹಾಕಿದ್ದ ಮಡಿಕೆ ಹೋಗಿ, ಉದ್ದುದ್ದ ನೆರಿಗೆಯ ಗುರುತು ಬಿದ್ದಿತ್ತು. ಹಳೆಯ ಪಿನ್ನಿನ ತೂತುಗಳ ಗುಂಪಿನ ಪಕ್ಕದಲ್ಲಿ ಒಂದು ಹೊಸ ತೂತು, ಅಂಚು ಕಪ್ಪಾಗಿರಲಿಲ್ಲ. ಆ ಸೆರಗು ಹೆಗಲಿಗೆ ಬರಬೇಕಾದರೆ ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಮಂಚಕ್ಕೋ ಎಲ್ಲಿಗೋ ಒರಗಿಸಿ, ಅದಕ್ಕೆ ಬೆನ್ನು ಆನಿಸಿ ನಿಲ್ಲಬೇಕು. ಬೇರೆ ದಾರಿಯಿಲ್ಲ.

ಫೋನು ಬಡಿದುಕೊಂಡಿತು. ಅಜ್ಜಂಪುರದವರು. “ಬಂತಾ ಮೇಡಂ? ತಂಗಿ ಪಕ್ಕದಲ್ಲೇ ಕೂತವ್ಳೆ, ಗಂಟು ಸರಿಯಾಗಿದ್ಯಾ ಕೇಳು ಅಂತಾಳೆ.”

ದೊಡ್ಡಕ್ಕ ಈ ಕಡೆ ತಿರುಗಲಿಲ್ಲ. ಬೀದಿಯನ್ನೇ ನೋಡುತ್ತ, ತಮ್ಮ ಹೆಗಲ ಸೆರಗಿನ ಪಿನ್ನನ್ನು ಸರಿಮಾಡಿಕೊಳ್ಳುತ್ತಿದ್ದರು. ಅದು ಸರಿಯಾಗಿಯೇ ಇತ್ತು.

“ಎಲ್ಲಾ ಸರಿಯಾಗಿದೆ,” ಎಂದೆ. “ನಾನು ಹೊಲಿದದ್ದು ಹೊಲಿದ ಹಾಗೇ ಇದೆ.”

ಫೋನಿಟ್ಟು, ಹೊಸ ತೂತಿನ ಮೇಲೆ ಉಗುರಿನಿಂದ ಮೆಲ್ಲಗೆ ಅತ್ತಿತ್ತ ಉಜ್ಜಿದೆ. ರೇಷ್ಮೆಯ ಎಳೆಗಳು ಒಂದಕ್ಕೊಂದು ಸರಿದು ಕೂಡಿಕೊಂಡವು. ಸೆರಗನ್ನು ಅವರು ಹಿಡಿದಿದ್ದ ನೆರಿಗೆಯಲ್ಲೇ ಮಡಚಿ ಒಳಗಿಟ್ಟು, ಆ ಗೇಣನ್ನು ಬಲಕ್ಕೆ ವಾಲಿಸಿಯೇ ಹೊಲಿದೆ.